ತೂಕಕ್ಕೆ ಮಾರಿದ 75 ವರ್ಷ

ಭಾನುವಾರದ ಪುರವಣಿಗೆ ಒಂದು ಹಗುರ ಬರಹ ಬೇಕು ಅಂತ ಡೆಸ್ಕಿನಿಂದ ಫೋನ್ ಬಂತು. ಪಕ್ಕದ ತಾಲೂಕು ಪೇಟೆಯಲ್ಲಿ ಹಳೇ ಸಾಮಾನಿನ ಅಂಗಡಿಯೊಂದು ಶುರುವಾಗಿದೆಯಂತೆ, ಜೋಗ ನೋಡಲು ಬರುವವರೆಲ್ಲ ಅಲ್ಲಿ ಕಾರು ನಿಲ್ಲಿಸುತ್ತಾರಂತೆ, ನಾಲ್ಕು ಫೋಟೊ ಹೊಡೆದು 'ಅಜ್ಜಿಯ ಕಾಲಕ್ಕೊಂದು ಪಯಣ' ಅಂತ ಏನಾದರೂ ಬರೆದು ಕಳಿಸಿ ಎಂದರು. ಇಂಥ ಬರಹಕ್ಕೆ ನಮಗೆ ಸಿಗುವುದು ಬಸ್ ಚಾರ್ಜು ಕಳೆದರೆ ಒಂದು ಊಟದ ದುಡ್ಡು. ಆದರೂ ಹೋದೆವು. ಆ ಬರಹ ಬರೆಯಲಿಲ್ಲ, ಅದರ ಬದಲು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಜೊತೆ ಊರಿನ ಅಜ್ಜರೊಬ್ಬರಿದ್ದರು. ಅವರಿಗೆ ಅಂಗಡಿ ನೋಡುವ ಹುಚ್ಚೇನೂ ಇರಲಿಲ್ಲ. ಅರಣ್ಯ ಹಕ್ಕು ಅರ್ಜಿ ತಿರಸ್ಕಾರವಾಗಿ ಬಂದಿತ್ತು, ಅದರ ನಕಲು ತರಲು ತಾಲೂಕು ಕಚೇರಿಗೆ ಹೊರಟಿದ್ದರು. ಕಾರಣದ ಜಾಗದಲ್ಲಿ ಒಂದೇ ಸಾಲು: 75 ವರ್ಷಗಳ ದಾಖಲೆ ಒದಗಿಸಿಲ್ಲ. ಕಚೇರಿಯಲ್ಲಿ ಸಾಹೇಬರು ಊಟಕ್ಕೆ ಹೋಗಿದ್ದರು. ಅವರು ವಾಪಸು ಬರುವವರೆಗೆ ಹೊತ್ತು ಕಳೆಯಲು ಅಜ್ಜ ನಮ್ಮ ಹಿಂದೆ ಅಂಗಡಿಗೆ ಬಂದರು.

ಒಳಗೆ ಕಾಲಿಟ್ಟರೆ ನಮ್ಮ ಮನೆಗಳ ಅಟ್ಟವನ್ನೇ ಇಳಿಸಿ ಸೋಪು ಹಾಕಿ ತೊಳೆದು ಇಟ್ಟ ಹಾಗಿತ್ತು. ಬಚ್ಚಲ ಹಂಡೆಯಲ್ಲಿ ಮನಿಪ್ಲಾಂಟ್. ಬೀಸುಕಲ್ಲಿನ ಮೇಲೆ ಮೋಟಾರು ಕೂರಿಸಿ ನೀರಿನ ಕಾರಂಜಿ. ತೊಟ್ಟಿಲಿಗೆ ಬಣ್ಣದ ಲೈಟಿನ ಸರ. ಚನ್ನೆಮಣೆಯ ಗುಳಿಗಳಲ್ಲಿ ಗೋಡಂಬಿ, ದ್ರಾಕ್ಷಿ ತುಂಬಿ 'ಡ್ರೈಫ್ರೂಟ್ಸ್ ಟ್ರೇ' ಅಂತ ಚೀಟಿ. ಮಲೆನಾಡಿನ ಯಾವುದೋ ತೊಟ್ಟಿಮನೆಯ ಹಲಸಿನ ಕಂಬಕ್ಕೆ 'ಚೆಟ್ಟಿನಾಡ್' ಎಂದು ಬರೆದಿದ್ದರು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಮನೆಗಳ ಸಾಮಾನು ಮಾರುವ ಬೀದಿಯೇ ಇದೆ, ಆ ಹೆಸರಿಗೆ ಬೆಂಗಳೂರಿನಲ್ಲಿ ಬೆಲೆಯೂ ಇದೆ. ನಮ್ಮ ಕಂಬಕ್ಕೆ ನಮ್ಮ ಹೆಸರಲ್ಲಿ ಬೆಲೆಯಿಲ್ಲ. ಮಾರಾಟವಾಗಬೇಕಾದರೆ ಅದು ಪರವೂರಿನ ಹೆಸರು ಇಟ್ಟುಕೊಳ್ಳಬೇಕು.

ಅಜ್ಜ ಒಂದು ತಾಮ್ರದ ಹಂಡೆಯ ಕಂಠ ಮುಟ್ಟಿ ನೋಡಿ, ಚೀಟಿಯಲ್ಲಿ ಎಷ್ಟಿದೆ ಓದು ಅಂದರು. 14,500 ಅಂದೆವು. ಅವರು ಕೈ ತೆಗೆದರು. 'ನಮ್ಮನೇದು ಇದಕ್ಕಿಂತ ದೊಡ್ಡದಿತ್ತು ತಮಾ. ಗುಜರಿಯವ ತಕ್ಕಡಿ ತಂದಿದ್ದ. ಮಸಿ ಹಿಡಿದದ್ದಕ್ಕೆ ಒಂದು ಕೇಜಿ ಕಳೆದ.'

ಇಲ್ಲಿಗೆ ಬರಹ ನಿಲ್ಲಿಸಿ, 'ಪರಂಪರೆಯನ್ನು ಗುಜರಿಗೆ ಹಾಕುತ್ತಿರುವ ನಮ್ಮ ಜನ' ಎಂದು ಕಣ್ಣೀರು ಹಾಕಬಹುದು. ಪತ್ರಿಕೆಗಳಲ್ಲಿ ಅಂಥ ಬರಹ ಬೇಕಾದಷ್ಟು ಬಂದಿವೆ. ನಮಗೆ ಅದರಲ್ಲಿ ಒಂದು ಸಿಟ್ಟಿದೆ. ಹಾಗೆ ಬರೆಯುವವರು ಯಾರೂ ಹಂಡೆ ತಿಕ್ಕಿದವರಲ್ಲ. ಹುಣಸೆಹಣ್ಣು, ಬೂದಿ ಹಾಕಿ ಕೈ ಬಿರಿಯುವಂತೆ ತಿಕ್ಕುತ್ತಿದ್ದವರು ಮನೆಯ ಹೆಂಗಸರು. ಕಲಾಯಿ ಹಾಕುವವರು ಊರಿಗೆ ಬರುವುದು ನಿಂತು ಎಷ್ಟೋ ವರ್ಷವಾಯಿತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಹೊಟ್ಟೆಗೆ ಹೋಗುತ್ತದೆ. ಅಂಥ ಪಾತ್ರೆ ಕೊಟ್ಟು ಒಬ್ಬಳು ಸ್ಟೀಲಿನ ಡಬರಿ ತಗೊಂಡರೆ ಅವಳು ಪರಂಪರೆ ಮಾರಲಿಲ್ಲ, ಬೆನ್ನು ಉಳಿಸಿಕೊಂಡಳು. ಮಗಳ ಕಾಲೇಜು ಫೀಸಿಗೋ ಮಂಡಿ ಆಪರೇಶನ್ನಿಗೋ ಮಾರಿದವರ ಮುಂದೆ ಪರಂಪರೆಯ ಪಾಠ ಹೇಳಲು ನಾವ್ಯಾರು?

ಅಂಗಡಿಯವರನ್ನು ಕಳ್ಳ ಅನ್ನುವುದೂ ಸುಲಭ. ಅದೂ ಪೂರ್ತಿ ಸರಿಯಲ್ಲ. ಗುಜರಿಯವನಿಂದ ಅವರು ಕೊಳ್ಳದಿದ್ದರೆ ಆ ಹಂಡೆ ಕುಲುಮೆಗೆ ಹೋಗಿ ಕರಗುತ್ತಿತ್ತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದರಿಂದಲೇ ಇವತ್ತು ಹಸ್ತಶಿಲ್ಪದ ಪರಂಪರಾ ಗ್ರಾಮ ನೋಡಲು ಉಳಿದಿದೆ. ಹಳೇದನ್ನು ಕೊಳ್ಳುವ ಕೈ ಎಲ್ಲವೂ ಕೆಟ್ಟದ್ದಲ್ಲ. ಕಂಬ ಮಾರಿ, ಹಂಡೆ ಮಾರಿ. ತೂಕದ ಬದಲು ತುಂಡಿನ ಲೆಕ್ಕದಲ್ಲಿ ಮಾರಿ, ಇಬ್ಬರು ಮೂವರ ಹತ್ತಿರ ದರ ಕೇಳಿ ಮಾರಿ, ಅಷ್ಟೇ.

ನಮ್ಮ ಜಗಳ ಇರುವುದು ಅಂಗಡಿಯ ಎರಡನೇ ಕೋಣೆಯ ಜೊತೆ.

ಆ ಕೋಣೆಯ ಗೋಡೆ ತುಂಬ ಗಾಜಿನ ಫ್ರೇಮುಗಳು. ದೂರದಿಂದ ದೇವರ ಪಟ ಅಂದುಕೊಂಡೆವು. ಹತ್ತಿರ ಹೋದರೆ ಕಾಗದ. ಮೈಸೂರು ಸರ್ಕಾರದ ಗಂಡಭೇರುಂಡದ ಮುದ್ರೆಯ ಛಾಪಾಕಾಗದ, ಗೇಣಿ ಕರಾರು, ಕಂದಾಯ ಕಟ್ಟಿದ ರಸೀದಿ, ಸಾಲದ ಪತ್ರ, ಹಿಸ್ಸೆಯಾದ ಅಣ್ಣತಮ್ಮಂದಿರ ಪಾಲುಪಟ್ಟಿ. ಕೆಳಗೆ ಒಂದು ಕಡತವಿತ್ತು. ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ: ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಕರಿಹಲಗೆಯಂತೆ ಮಾಡಿ, ಮಡಚಿ ಇಟ್ಟುಕೊಂಡು ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಮಡಿಕೆಗಳನ್ನು ಕತ್ತರಿಸಿ ಒಂದೊಂದನ್ನೂ ಬೇರೆ ಬೇರೆ ಫ್ರೇಮು ಮಾಡಿದ್ದರು. ಯಾರು ಕೊಳ್ಳುತ್ತಾರೆ ಕೇಳಿದೆವು. ಹೋಮ್‌ಸ್ಟೇಯವರು, ಕಾಫಿ ಅಂಗಡಿಯವರು. ಗೋಡೆಗೆ ಹಾಕಿದರೆ 'ಹಳೇ ಕಳೆ' ಬರುತ್ತದಂತೆ. ಓದಿ ನೋಡುತ್ತಾರಾ? 'ಯಾರಿಗೆ ಓದಲು ಬರುತ್ತೆ ಸಾರ್, ಡಿಸೈನ್ ಚೆಂದ ಇರ್ಬೇಕು' ಅಂದರು.

ಓದಲು ಬರುವವರೊಬ್ಬರು ನಮ್ಮ ಪಕ್ಕದಲ್ಲೇ ನಿಂತಿದ್ದರು. ಅಜ್ಜ ಕನ್ನಡಕ ಏರಿಸಿ ಒಂದು ಗೇಣಿ ಕರಾರನ್ನು ಬೆರಳಿಟ್ಟು ಓದತೊಡಗಿದರು. ಪ್ರಭವ ನಾಮ ಸಂವತ್ಸರ. ನಮ್ಮ ಹೋಬಳಿಯದ್ದೇ ಒಂದು ಹಳ್ಳಿಯ ಹೆಸರು. ಬರೆಸಿಕೊಂಡವರ ಹೆಸರು, ಅವರ ಅಪ್ಪನ ಹೆಸರು, ಇಷ್ಟು ಖಂಡುಗ ಭತ್ತ. ಪ್ರಭವ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದು, ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. 1987ರ ಯುಗಾದಿಯಿಂದ ಒಂದು ಪ್ರಭವ, ಅದಕ್ಕೆ ಮೊದಲು 1927ರ ಯುಗಾದಿಯಿಂದ ಇನ್ನೊಂದು. ಮೈಸೂರು ಸರ್ಕಾರದ ಮುದ್ರೆ ಇರುವುದರಿಂದ 1987 ಅಲ್ಲ. ಫ್ರೇಮು ತಿರುಗಿಸಿದಾಗ ಛಾಪಾಕಾಗದ ಮಾರಿದವನ ಮೊಹರಿನಲ್ಲಿ 1927 ಎಂದೇ ಇತ್ತು.

ಅರಣ್ಯ ಹಕ್ಕು ಅರ್ಜಿ ಹಾಕಿದ ಮನೆಯವರಿಗೆ ಇಷ್ಟು ಹೊತ್ತಿಗೆ ಹೊಳೆದಿರಬೇಕು. ಹಾಕದವರಿಗಾಗಿ ಹೇಳುತ್ತೇವೆ.

2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದ, ಆದರೆ ಕಾಡನ್ನೇ ನಂಬಿ ಬದುಕಿದ ಕುಟುಂಬಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು ಅಲ್ಲಿ ನೆಲೆಸಿದ್ದೇವೆ ಎಂದು ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ, ಮೂರಕ್ಕೆ 75. ಲೆಕ್ಕ ಹಾಕಿದರೆ 1930ರ ಡಿಸೆಂಬರಿಗೆ ಬಂದು ನಿಲ್ಲುತ್ತದೆ. 1930ಕ್ಕೆ ಮೊದಲು ನಿಮ್ಮ ಮುತ್ತಜ್ಜ ಈ ಊರಲ್ಲಿದ್ದ ಎಂಬುದಕ್ಕೆ ಏನಿದೆ ತೋರಿಸಿ ಎಂದು ಮಲೆನಾಡಿನ ರೈತರನ್ನು ಕೇಳುತ್ತಾರೆ. ಅದಕ್ಕೂ ಮೂರು ವರ್ಷ ಮೊದಲಿನ ಕಾಗದ, ಹೆಸರು ಊರು ಸಮೇತ, ಫ್ರೇಮಿನಲ್ಲಿ ನೇತಾಡುತ್ತಿತ್ತು. ಬೆಲೆ 1,800. ಗಾಜು ಸೇರಿ.

ಇನ್ನೊಂದು ಕಾನೂನಿದೆ. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆ, ಜಾರಿಗೆ ಬಂದದ್ದು 1976ರಲ್ಲಿ. ಅದರಲ್ಲಿ ವಿಗ್ರಹ, ನಾಣ್ಯದಂಥ ವಸ್ತು ಪುರಾವಸ್ತು ಅನ್ನಿಸಿಕೊಳ್ಳಲು 100 ವರ್ಷ ಆಗಿರಬೇಕು. ಇತಿಹಾಸದ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಪತ್ರಕ್ಕೆ ಮಾತ್ರ ಎಷ್ಟು ಗೊತ್ತೇ? 75. ಒಂದು ಕಾನೂನು 75 ವರ್ಷದ ಕಾಗದ ದೇಶದ ಆಸ್ತಿ ಅನ್ನುತ್ತದೆ. ಇನ್ನೊಂದು 75 ವರ್ಷದ ಕಾಗದ ತಾ, ಇಲ್ಲದಿದ್ದರೆ ನಿನ್ನ ಗದ್ದೆ ನಿನ್ನದಲ್ಲ ಅನ್ನುತ್ತದೆ. ಆ ಎರಡೂ 75 ಬಂದು ಕೂಡಿದ್ದು ಯಾವುದೋ ಹೋಮ್‌ಸ್ಟೇ ಗೋಡೆಯ ಮೇಲೆ. ಪುರಾವಸ್ತು ವ್ಯಾಪಾರ ಮಾಡಲು ಕೇಂದ್ರ ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು. ನಿಮ್ಮಲ್ಲಿ ಇದೆಯಾ ಕೇಳಿದಾಗ ಅಂಗಡಿಯವರು ಜಿಎಸ್‌ಟಿ ಸರ್ಟಿಫಿಕೇಟಿನ ಕಡೆ ಕೈ ತೋರಿಸಿದರು.

ಇಲ್ಲಿ ಒಂದು ಮಾತು ಅಂಗಡಿಯವರಿಗಲ್ಲ, ಕಚೇರಿಯವರಿಗೆ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ತೆಗೆದು ನೋಡಿ. ಸರ್ಕಾರಿ ದಾಖಲೆ ಮಾತ್ರ ಸಾಕ್ಷ್ಯ ಅಂತ ಅಲ್ಲಿ ಎಲ್ಲೂ ಇಲ್ಲ. ಸಂಸ್ಥಾನದ ಕಾಲದ ಪತ್ರ ಆಗುತ್ತದೆ. ಹಳೇ ಬಾವಿ, ಸ್ಮಶಾನ, ದೇವರ ಬನ ಆಗುತ್ತದೆ. ಗದ್ದೆಯ ಮಟ್ಟ ಮಾಡಿದ್ದು, ಒಡ್ಡು ಹಾಕಿದ್ದು, ವಂಶವೃಕ್ಷ, ಊರ ಹಿರಿಯರು ಬರೆಸಿಕೊಟ್ಟ ಹೇಳಿಕೆ ಎಲ್ಲವೂ ಆಗುತ್ತದೆ. ಇವುಗಳಲ್ಲಿ ಎರಡು ಇರಬೇಕು. ಒಂದೇ ನಮೂನೆಯ ದಾಖಲೆಗೆ ಪಟ್ಟು ಹಿಡಿಯಬೇಡಿ ಎಂದು ಕೇಂದ್ರ ಸರ್ಕಾರ 2012ರಲ್ಲೇ ಹೇಳಿದೆ. 75 ವರ್ಷದ ಲೆಕ್ಕವೂ ನೆಲೆಸಿದ್ದಕ್ಕೆ, ಅದೇ ತುಂಡು ಜಾಗವನ್ನು ಅಷ್ಟು ವರ್ಷ ಉತ್ತಿದ್ದಕ್ಕಲ್ಲ. ಇಷ್ಟೆಲ್ಲ ಇದ್ದೂ ಕೌಂಟರಿನಲ್ಲಿ ಕೇಳುವುದು 'ಪೇಪರ್ ಎಲ್ರೀ?' ಅಂತ. ಪೇಪರನ್ನೇ ನಂಬುವ ಕಚೇರಿ ಒಂದು ಕಡೆ. ಆ ಪೇಪರು ಗುಜರಿಗೆ ಹೋಗುವಾಗ, ಇದನ್ನು ಇಟ್ಟುಕೊಳ್ಳಿ ಮಾರಾಯ್ರೆ ಅಂತ ಹೇಳಲು ಊರಿಗೆ ಒಬ್ಬರೂ ಬರಲಿಲ್ಲ. ಪಂಚಾಯ್ತಿಯಿಂದ ಬರಲಿಲ್ಲ, ಪತ್ರಿಕೆಯವರಾದ ನಾವೂ ಹೇಳಲಿಲ್ಲ. ನಾವು ಆಗ ಫ್ಯಾನ್ಸಿ ನಂಬರಿನ ನೋಟಿನ ಸುದ್ದಿ ಬರೆಯುತ್ತಿದ್ದೆವು.

ಅದೂ ಇದೇ ಕತೆ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಲಕ್ಷ ಕೊಡುತ್ತಾರೆ ಎಂಬ ವಾಟ್ಸಾಪ್ ಮೆಸೇಜು ನಿಮಗೂ ಬಂದಿರಬೇಕು. ಹಳೇ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರಕ್ಕೂ ನಮಗೂ ಸಂಬಂಧವಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿದೆ. ರಾಮನ ದರ್ಬಾರಿನ ಚಿತ್ರ, 1818 ಎಂಬ ಇಸವಿ ಇರುವ ಈಸ್ಟ್ ಇಂಡಿಯಾ ಕಂಪನಿಯ 'ನಾಣ್ಯ'ವನ್ನು ಕಂಪನಿ ಅಚ್ಚು ಹಾಕಿಸಲೇ ಇಲ್ಲ. ಅಕ್ಕಿ ಎಳೆಯುವ ತಾಮ್ರದ ಚೆಂಬಿನ ಮೋಸ ನಮ್ಮ ಪೊಲೀಸ್ ಠಾಣೆಗಳಿಗೆ ಹೊಸತಲ್ಲ. ಬೆಲೆಯಿಲ್ಲದ್ದನ್ನು ಲಕ್ಷ ಅಂತ ನಂಬಿ ಟ್ರಂಕಿನಲ್ಲಿ ಬೀಗ ಹಾಕಿ ಇಡುತ್ತೇವೆ. ಜಮೀನು ಉಳಿಸಬಹುದಾದ ಕಾಗದವನ್ನು ಇಲಿ ಕಡಿದಿದೆ ಅಂತ ಪೆಟ್ಟಿಗೆ ಸಮೇತ ತಕ್ಕಡಿಗೆ ಹಾಕುತ್ತೇವೆ.

ಅಜ್ಜ ಮಾತಾಡದೆ ಇನ್ನೊಂದು ಮೂಲೆಗೆ ಹೋಗಿದ್ದರು. ಅಲ್ಲಿ ಭತ್ತ ಅಳೆಯುವ ಕೊಳಗವೊಂದಿತ್ತು, ಅದರಲ್ಲಿ ನಾಲ್ಕು ಕೊಡೆ ಸಿಗಿಸಿ 'ಅಂಬ್ರೆಲಾ ಸ್ಟ್ಯಾಂಡ್' ಎಂದಿದ್ದರು. ಅವರು ಕೊಡೆಗಳನ್ನು ಒಂದೊಂದೇ ತೆಗೆದು ಕೆಳಗಿಟ್ಟು, ಕೊಳಗವನ್ನು ಎತ್ತಿ ಬಾಯಿಯ ಅಗಲಕ್ಕೆ ಗೇಣು ಹಾಕಿ ನೋಡಿದರು. 'ಇದು ಒಡೆಯರ ಮನೆ ಕೊಳಗ' ಅಂದರು. ನೋಡಿದ ಕೂಡಲೇ ಹೇಗೆ ಗೊತ್ತಾಯಿತು ಅಂದರೆ, 'ಅಳೆದು ಕೊಟ್ಟವರಿಗೆ ಗೊತ್ತಾಗ್ತದೆ' ಎಂದರು.

1951ರ ಕಾಗೋಡು ಸತ್ಯಾಗ್ರಹವನ್ನು ಶಾಲೆಯಲ್ಲಿ ಓದಿದವರು ಇದ್ದೀರಿ. ಸಾಗರ ತಾಲೂಕಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಆ ಕಾವು ಮುಂದೆ ಉಳುವವನೇ ಹೊಲದೊಡೆಯ ಎಂಬ ಕಾನೂನಿನವರೆಗೂ ಹೋಯಿತು. ಆ ಜಗಳದ ಬೇರಿನಲ್ಲಿ ಇದ್ದದ್ದು ಇಂಥದೇ ಒಂದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗದ ಗಾತ್ರ ಎಷ್ಟಿರಬೇಕು ಎಂಬ ಪ್ರಶ್ನೆ ಅದು. ಆಮೇಲೆ ಮೆಟ್ರಿಕ್ ಅಳತೆ ಬಂತು, ಕೊಳಗ, ಸೇರು, ಪಾವು ಎಲ್ಲ ಅಟ್ಟ ಸೇರಿದವು. ಯಾವ ಮನೆಯ ಕೊಳಗ ಎಷ್ಟು ಹಿಡಿಯುತ್ತಿತ್ತು ಎಂದು ಇವತ್ತು ಅಳೆದು ನೋಡಬೇಕೆಂದರೆ ವಸ್ತು ಬೇಕು, ಅದರ ಜೊತೆ ಅದು ಯಾವ ಊರಿನ ಯಾವ ಮನೆಯದು ಎಂಬ ಮಾತೂ ಬೇಕು. ಅಂಗಡಿಯಲ್ಲಿ ವಸ್ತು ಇತ್ತು. ಎಲ್ಲಿಂದ ಬಂತು ಕೇಳಿದರೆ 'ಲಾಟ್‌ನಲ್ಲಿ ಬಂತು' ಅಂದರು. ಹಂಡೆಗೆ ಊರು ಇಲ್ಲದಿದ್ದರೆ ಅದು ಚೆಂದದ ಹಂಡೆಯಾಗಿಯೇ ಇರುತ್ತದೆ. ಊರಿನ ಹೆಸರು ಕಳಚಿದ ಕೊಳಗ ಬರೀ ಕೊಡೆ ಇಡುವ ಡಬ್ಬ.

ಮನೆಯ ಕಾಗದದಿಂದ ಏನಾಗುತ್ತದೆ ಮಹಾ, ಎನ್ನುವವರೂ ಇದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರ ಎಲ್ಲರೂ ಹೆಸರು ಹೇಳುವ ಪುಸ್ತಕ. ಅದರ ತಾಳೆಗರಿ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟವರು ತಂಜಾವೂರು ಕಡೆಯ ಒಬ್ಬ ಪಂಡಿತರು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರು ಅದನ್ನು ತೂಕಕ್ಕೆ ಹಾಕಿದ್ದರೆ? ನಮ್ಮ ಕೆಳದಿಯ ಮ್ಯೂಸಿಯಂನಲ್ಲೂ ತಾಳೆಗರಿ, ಹಳೇ ಕಾಗದ ಇವೆ, ಹೋಗಿ ನೋಡಬಹುದು. ಆದರೆ ಎಲ್ಲವನ್ನೂ ಮ್ಯೂಸಿಯಂಗೆ ಕೊಡಿ ಎಂಬುದು ನಮ್ಮ ವಾದವಲ್ಲ. ಹಲ್ಮಿಡಿಯ ಶಾಸನ ಹಲ್ಮಿಡಿಯಲ್ಲಿಲ್ಲ, ಊರಿನವರಿಗೆ ಉಳಿದಿರುವುದು ಫೈಬರಿನ ನಕಲು. ನಿಮ್ಮ ಮನೆಯ ಕಾಗದ ನಿಮ್ಮ ಮನೆಯಲ್ಲೇ ಇರಲಿ. ಇನ್ನು ವೀರಗಲ್ಲು, ಮಾಸ್ತಿಕಲ್ಲು, ಗುಡಿಯ ವಿಗ್ರಹ ಯಾರ ಮನೆಯದೂ ಅಲ್ಲ. ಅದನ್ನು ಕೇಳಿಕೊಂಡು ಪಿಕಪ್ ಗಾಡಿ ಬಂದರೆ ನಂಬರ್ ಪ್ಲೇಟಿನ ಫೋಟೊ ತೆಗೆದು ಠಾಣೆಗೆ ಕಳಿಸಿ, ಚರ್ಚೆಗೆ ಕೂರಬೇಡಿ.

ಶರಾವತಿ ಮುಳುಗಡೆಯ ಕುಟುಂಬಗಳಿಗೆ ಈ ಮಾತು ಇನ್ನೂ ಮುಖ್ಯ. ಲಿಂಗನಮಕ್ಕಿಗಾಗಿ ಎದ್ದು ಬಂದವರು ಹೊಸ ಜಾಗದಲ್ಲಿ 75 ವರ್ಷ ತೋರಿಸುವುದು ಹೇಗೆ ಎಂಬುದು ಬೇರೆಯೇ ಜಗಳ. ಆದರೆ ಮುಳುಗಿದ ಊರಿನಲ್ಲಿ ನಿಮ್ಮದು ಯಾವ ಸರ್ವೆ ನಂಬರು, ಎಷ್ಟು ಎಕರೆ ಎಂದು ಹೇಳುವ ಹಳೇ ರಸೀದಿಗಳು ಎದ್ದು ಬರುವಾಗ ತಂದ ಪೆಟ್ಟಿಗೆಗಳಲ್ಲೇ ಇದ್ದಾವು. ಆ ಪೆಟ್ಟಿಗೆಗಳಿಗೇ ಈಗ ಅಂಗಡಿಯಲ್ಲಿ ಹೆಚ್ಚು ಬೇಡಿಕೆ, ಟೀಪಾಯಿ ಮಾಡಲು.

ಪೆಟ್ಟಿಗೆ ಕೊಡಲೇಬೇಕಾಗಿ ಬಂದರೆ ಮೊದಲು ಖಾಲಿ ಮಾಡಿ. ತಳಕ್ಕೆ ಹಾಸಿದ ಕಾಗದವನ್ನೂ ಬಿಡಬೇಡಿ. ಬಿಸಿಲು ನೇರ ಬೀಳದ ಜಗುಲಿಯಲ್ಲಿ ಹರಡಿ ಎರಡೂ ಬದಿಯ ಫೋಟೊ ತೆಗೆಯಿರಿ, ಹಿಂಬದಿಯ ಮೊಹರಿನಲ್ಲೇ ಇಸವಿ ಇರಬಹುದು. ಲ್ಯಾಮಿನೇಶನ್ ಮಾಡಿಸಬೇಡಿ, ಹಳೇ ಕಾಗದ ಅದರೊಳಗೇ ಹಾಳಾಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಓದಲು ಬಾರದಿದ್ದರೆ ಊರಿನಲ್ಲಿ ಹಳೇ ಕೈಬರಹ ಬಲ್ಲ ಒಬ್ಬ ಅಜ್ಜನಾದರೂ ಇರುತ್ತಾರೆ, ಅವರಿರುವಾಗಲೇ ಕೂರಿಸಿ ಓದಿಸಿ. ರಿಜಿಸ್ಟರಾದ ಪತ್ರವಾಗಿದ್ದರೆ ಅದರ ನಂಬರು ಹಿಡಿದು ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಬಹುದು.

ನಮ್ಮ ಅಜ್ಜನ ಮನೆಯ ಪೆಟ್ಟಿಗೆ ಹೋದದ್ದು ನಾಡಹೆಂಚು ತೆಗೆದು ಶೀಟು ಹಾಕಿಸಿದ ವರ್ಷ. 'ಅಬ್ಬೆಯ ಪೆಟ್ಟಿಗೇಲಿ ಇಂಥವು ಒಂದು ಕಟ್ಟು ಇದ್ವು. ದಾರ ಕಟ್ಟಿ ಇಟ್ಟಿದ್ಲು. ಅವಳಿಗೆ ಓದಕ್ಕೆ ಬರ್ತಿರ್ಲಿಲ್ಲ, ಆದ್ರೂ ಇಟ್ಟಿದ್ಲು. ಓದಕ್ಕೆ ಬರೋ ನಾನೇ ಕೊಟ್ಟೆ' ಅಂದರು. ಅಂಗಡಿಯ ಗೋಡೆಯ ಫ್ರೇಮುಗಳನ್ನೆಲ್ಲ ಅವರು ಒಂದೊಂದಾಗಿ ನೋಡಿದರು. ಅವರ ಮನೆಯದು ಇರಲಿಲ್ಲ. ಅಷ್ಟು ಹೊತ್ತಿಗೆ ಕಚೇರಿಯ ಸಾಹೇಬರು ಬಂದಿರುತ್ತಾರೆಂದು ಎದ್ದು ಹೋದರು.

ಪ್ರಭವ ಸಂವತ್ಸರದ ಆ ಕರಾರಿನ ಫೋಟೊ ತೆಗೆಯಲು ಅಂಗಡಿಯವರು ಬಿಡಲಿಲ್ಲ. ಕೊಂಡರೆ ತಗೊಳ್ಳಿ ಅಂದರು. ಫ್ರೇಮು ಬೇಡ ಎಂದು ಚೌಕಾಸಿ ಮಾಡಿ 600ಕ್ಕೆ ಕೊಂಡೆವು. ಪುರವಣಿಯ ಬರಹಕ್ಕೆ ಬರಬೇಕಿದ್ದ ದುಡ್ಡಿಗಿಂತ ಹೆಚ್ಚು ಅದು. ಎರಡು ದಿನ ಬಿಟ್ಟು ಆ ಹಳ್ಳಿಗೆ ಹೋಗಿ ಹೆಸರು ಹೇಳಿ ಕೇಳಿದಾಗ ಮನೆ ತೋರಿಸಿದರು. ಕರಾರು ಬರೆಸಿಕೊಂಡವರ ಮೊಮ್ಮಗ ಅಡಿಕೆ ಸುಲಿಯುತ್ತ ಕೂತಿದ್ದರು. ಅಜ್ಜನ ಹೆಸರು ಕಂಡು ಕೈ ಒರೆಸಿಕೊಂಡು ಕಾಗದ ತಗೊಂಡರು. ಹೆಂಡತಿ ಒಳಗಿಂದ ಬಂದು ಎಷ್ಟಕ್ಕೆ ತಂದಿರಿ ಕೇಳಿದರು. ಹೇಳಿದಾಗ ನಕ್ಕುಬಿಟ್ಟರು. ಪೆಟ್ಟಿಗೆ, ಎರಡು ತಪ್ಪಲೆ, ಕಾಗದ ಎಲ್ಲ ಸೇರಿ ಅವರು ತಗೊಂಡದ್ದು 700 ರೂಪಾಯಿ.

ಅವರ ಅರ್ಜಿ ಇನ್ನೂ ವಿಚಾರಣೆಗೆ ಬಂದಿಲ್ಲ. ಕರಾರಿನ ಜೊತೆ ಊರಿನ ಇಬ್ಬರು ಹಿರಿಯರ ಹೇಳಿಕೆ ಬರೆಸಲು ಹೊರಟಿದ್ದಾರೆ. ಗೋಡೆಯ ಮೇಲೆ ಇನ್ನೂ ಇದ್ದವಾ ಅಂತ ಮಗ ಕೇಳಿದ. ನಾವು ಪೂರ್ತಿ ಓದಿದ್ದು ಮೂರು, ಇದ್ದದ್ದು ನಲವತ್ತರ ಮೇಲೆ ಅಂದೆವು. ಮರುವಾರ ಅವನನ್ನು ಕರೆದುಕೊಂಡು ಮತ್ತೆ ಹೋದೆವು. ಗೋಡೆಯಲ್ಲಿ ನಾಲ್ಕು ಕಡೆ ಬರೀ ಮೊಳೆ ಇತ್ತು. ಒಂದು ಹೋಮ್‌ಸ್ಟೇಯವರು ಹಿಂದಿನ ಸಂಜೆ ತಗೊಂಡು ಹೋಗಿದ್ದರು.